ಚಿಕ್ಕಬಳ್ಳಾಪುರ ಸೀಮೆಯ ಕುರುಕ್ಷೇತ್ರ ನಾಟಕ: ಪ್ರಯೋಗವೂ ವೃತ್ತಿಕಾರರೂ

ಪಾಣಿನಿಯ ಅಪಾದಾನ ಪ್ರಕರಣದಲ್ಲಿ ಬರುವ ಒಂದು ವಿಚಾರವು ವ್ಯಾಕರಣಾಭ್ಯಾಸಿಗಳೆಲ್ಲರಿಗೂ ವಿದಿತವಾದುದೇ. ನಿಯಮಪೂರ್ವಕವಾಗಿ ವಿದ್ಯೆಯನ್ನು ಪಡೆಯುವಾಗ ಅದನ್ನು ಹೇಳಿಕೊಡುವವನು ಅಪಾದಾನವೆನಿಸುವನು. ಅವನ ಹೆಸರಿಗೆ ಪಂಚಮೀ ವಿಭಕ್ತಿಯು ಬರುವುದು. ಉಪಾಧ್ಯಾಯನಿಂದ ವೇದವನ್ನು ಕಲಿಯುವುದು ಇದಕ್ಕೆ ಉದಾಹರಣೆ. ರಂಗಕ್ಕೆ ಹೋಗಿ ನಟನ ಮಾತನ್ನು ಕೇಳುವುದಾದರೋ ಅಂತಹ ಕಲಿಕೆಯಲ್ಲ; ಆದುದರಿಂದ ಅಲ್ಲಿ ಪಂಚಮಿಯು ಸಲ್ಲದು, ಷಷ್ಠಿಯೇ ತಕ್ಕುದು ಎಂಬುದು ಮಹಾಭಾಷ್ಯದಿಂದ ತಿಳಿದುಬರುವ ವಿವೇಚನೆ. ಅದೇ ಪಾಣಿನಿಯು ಮತ್ತೊಂದೆಡೆಯಲ್ಲಿ ಶಿಲಾಲಿ, ಕೃಶಾಶ್ವ ಎಂಬವರ ನಟಸೂತ್ರಗಳನ್ನೂ ಅವುಗಳನ್ನು ಅಧ್ಯಯನಮಾಡಿದ ನಟರನ್ನೂ ಹೆಸರಿಸಿರುವನು. ಎಂದರೆ ನಟನಿಗೆ ಶಾಸ್ತ್ರವುಂಟು, ಗುರುವೂ ಉಂಟು. ಆದರೆ ಲೋಕವು ಅವನನ್ನು ಗುರುವೆಂದು ಎಣಿಸಲಿಲ್ಲ. ಈ ಇಬ್ಬಗೆಯ ನೋಟವು ವೈಯಾಕರಣರ ಕಾಲಕ್ಕೇ ಮುಗಿದುಹೋಗಲಿಲ್ಲ. ನಾಟಕವನ್ನು ಕುರಿತು ಕನ್ನಡದಲ್ಲಿ ಬೆಳೆದಿರುವ ವಿಮರ್ಶೆಯಲ್ಲಿಯೂ ಅದು ಇಂದಿಗೂ ಉಳಿದಿದೆ. ಹಳ್ಳಿಗಳ ಪೌರಾಣಿಕ ನಾಟಕದ ವಿಷಯದಲ್ಲಂತೂ ಬಲವಾಗಿಯೇ ಉಳಿದಿದೆ.

ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯ ಅಂಗಗಳಾಗಿದ್ದು ಅನಂತರ ಹೊಸ ಜಿಲ್ಲೆಗೆ ಸೇರಿದುವು. ಸಂಕ್ರಾಂತಿಯು ಕಳೆದು ಸುಗ್ಗಿಯ ಕೆಲಸವು ಹಿಂದಾದ ಮೇಲೆ ಮಳೆಗಾಲದ ಮೊದಲ ಹದದವರೆಗೆ ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೋ ಗ್ರಾಮದೇವತೆಯ ಉತ್ಸವಕ್ಕೋ ಇಡೀ ರಾತ್ರಿಯ ನಾಟಕವು ನಡೆಯುವುದುಂಟು. ರಾಮಾಯಣ, ದಕ್ಷಯಜ್ಞ, ಸತ್ಯಹರಿಶ್ಚಂದ್ರ, ಶನಿಪ್ರಭಾವ ಮೊದಲಾದುವು ಇಲ್ಲವೆಂದಲ್ಲ. ಆದರೆ ಕುರುಕ್ಷೇತ್ರವೆಂಬ ಹೆಸರಿನ ಭಾರತಕಥೆಗೆ ಇರುವ ಮನ್ನಣೆಯು ಬೇರೆ ಯಾವುದಕ್ಕೂ ಇಲ್ಲ. ಇದು ಈ ನೆಲಕ್ಕೆ ಒಪ್ಪುವ ಮಾತೂ ಹೌದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದೂ ಅಲ್ಲಿಯ ಬೆಟ್ಟದಲ್ಲಿ ಭೀಮನು ಬಕಾಸುರನನ್ನು ಕೊಂದನೆಂದೂ ಜನರು ನಂಬಿರುವರು. ಗೌರೀಬಿದನೂರಿನ ಬಳಿಯ ವಿದುರಾಶ್ವತ್ಥದ ಮರವನ್ನು ನೆಟ್ಟವನು ವಿದುರನೇ ಎಂಬುದು ಸ್ಥಳಪುರಾಣ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಸಭೆಯ ಮೇಲೆ ಗುಂಡು ಹಾರಿದುದರಿಂದ ಆ ಕ್ಷೇತ್ರಕ್ಕೆ ಬೇರೊಂದು ಪ್ರಸಿದ್ಧಿಯೂ ಬಂದಿತು. ಅದು ಬೇರೆಯೇ ಪ್ರಕರಣ. ಚಿಕ್ಕಬಳ್ಳಾಪುರದ ಸಮೀಪದಲ್ಲಿ ರಂಗನಾಥನ ಸನ್ನಿಧಿಯಿರುವ ಊರಿಗೆ ರಂಗಸ್ಥಳವೆಂದೇ ಹೆಸರು. ಆ ಹೆಸರಿನಲ್ಲಿರುವ ರಂಗವು ದೇವರದು, ನಟರದಲ್ಲ. ಆದರೂ ಹಳ್ಳಿಯ ಹಾಸ್ಯಗಾರನಿಗೆ ಈ ಶ್ಲೇಷವು ಸುಲಭವಾಗಿ ಒದಗುವಂತಹುದು.

ಈ ನಾಟಕದ ಹುಟ್ಟನ್ನು ಒಂದೇ ಮೂಲಕ್ಕೆ ಕಟ್ಟುವುದು ಸರಿಯಲ್ಲ. ಕೋಲಾರದ ಸೀಮೆಯಲ್ಲಿ ಕೇಳಿಕೆಯೆಂಬ ಬಯಲಾಟವು ಬಹುಕಾಲದಿಂದ ಬಳಕೆಯಲ್ಲಿದ್ದಿತು. ಅದು ಮೂಡಲಪಾಯದ ಬಳಗಕ್ಕೆ ಸೇರಿದುದು. ಅದರಲ್ಲಿ ತೆಲುಗಿನ ಪದಗಳು ಹೇರಳವಾಗಿದ್ದುವು. ಮೂಡಲಪಾಯದ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದು ಅದರ ಪುನರುಜ್ಜೀವನಕ್ಕಾಗಿ ದುಡಿದವರಲ್ಲಿ ಜೀ. ಶಂ. ಪರಮಶಿವಯ್ಯನವರು ಮುಖ್ಯರು. ಇನ್ನೊಂದು ಕಡೆಯಿಂದ ಕಂಪನಿ ನಾಟಕವು ಬಂದಿತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕಸಭೆಯು ಹುಟ್ಟಿ, ಬಸವಪ್ಪಶಾಸ್ತ್ರಿಗಳಂತಹ ವಿದ್ವಾಂಸರು ಅದಕ್ಕಾಗಿ ಸಂಸ್ಕೃತ ನಾಟಕಗಳನ್ನು ಕನ್ನಡಿಸಿದರು. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿಯು ಮುಂದೆ ವೀರಣ್ಣನವರ ಕೈಯಲ್ಲಿ ದೊಡ್ಡದಾಗಿ ಬೆಳೆದು, 1930ರ ದಶಕದಲ್ಲಿ ಕುರುಕ್ಷೇತ್ರವನ್ನು ಆನೆ ಕುದುರೆಗಳೊಡನೆ ಆಡಿ ನಾಡಿನ ಕಣ್ಣನ್ನು ಸೆಳೆಯಿತು. ಮೂರನೆಯ ಮೂಲವೊಂದುಂಟು, ಅದನ್ನು ಕನ್ನಡದ ರಂಗಚರಿತ್ರೆಗಳು ಹೇಳಬೇಕಾದಷ್ಟು ಹೇಳಿಲ್ಲ. ಅದು ತೆಲುಗಿನ ಪದ್ಯನಾಟಕ. ತಿರುಪತಿ ವೇಂಕಟಕವಿಗಳೆಂಬ ಜೋಡಿಕವಿಗಳ ಪಾಂಡವೋದ್ಯೋಗವಿಜಯಗಳು ಆಂಧ್ರದೇಶದಲ್ಲೆಲ್ಲ ಆಡಲ್ಪಟ್ಟುವು. ಅದರ ಪದ್ಯಗಳನ್ನು ಅಕ್ಷರಜ್ಞಾನವಿಲ್ಲದವರೂ ರಾಗವಾಗಿ ಹಾಡುವಂತಾಯಿತು. ಎರಡು ನುಡಿಗಳೂ ಮನೆಮಾತಾಗಿರುವ ಚಿಂತಾಮಣಿ, ಶಿಡ್ಲಘಟ್ಟ, ಗೌರೀಬಿದನೂರುಗಳಲ್ಲಿ ಆ ರೀತಿಯು ಬೇರೂರಿದುದರಲ್ಲಿ ಆಶ್ಚರ್ಯವೇನು? ಕೈವಾರದ ನಾರಾಯಣಪ್ಪನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದವರು. ಈ ಸೀಮೆಯಲ್ಲಿ ನುಡಿಯು ಬದಲಾದರೆ ದಾರಿ ಬದಲಾಯಿತೆಂದು ಯಾರೂ ತಿಳಿಯುವುದಿಲ್ಲ.

ವಿದ್ವಾಂಸರು ಈ ನಾಟಕದ ಮೇಲೆ ಸಾಮಾನ್ಯವಾಗಿ ಹೇಳುವ ಆಕ್ಷೇಪಣೆಗಳು ಮೂರು. ಗ್ರಂಥವು ಶುದ್ಧವಲ್ಲವೆಂಬುದು ಒಂದು. ಹಾಡು ಮಿತಿಮೀರಿದೆಯೆಂಬುದು ಒಂದು. ಪಾತ್ರಧಾರಿಗಳು ಕಲಾವಿದರಲ್ಲ, ಹಣಕೊಟ್ಟು ವೇಷಕಟ್ಟುವ ಬೇಸಾಯಗಾರರು, ವ್ಯಾಪಾರಿಗಳು ಎಂಬುದು ಮತ್ತೊಂದು. ಮೂರೂ ಒಂದು ಮಟ್ಟಿಗೆ ನಿಜವೇ. ಆದರೆ ಮೂರನ್ನೂ ಬಿಡಿಬಿಡಿಯಾಗಿ ಹೇಳಿ ಬಿಟ್ಟುಬಿಡುವುದರಿಂದ ಈ ಪ್ರಯೋಗವು ಹೇಗೆ ನಿಂತಿದೆಯೆಂಬುದು ತಿಳಿಯುವುದಿಲ್ಲ. ಮೂರನೆಯ ಆಕ್ಷೇಪಣೆಯಲ್ಲಿಯೇ ಮೊದಲೆರಡರ ಕಾರಣವು ಅಡಗಿದೆ.

ಶಾಸ್ತ್ರದಲ್ಲಿಯೂ ರೂಢಿಯಲ್ಲಿಯೂ ನಾಟಕವೆಂದರೆ ಆಡುವವನು ಒಬ್ಬನು, ಆಡಿಸುವವನು ಒಬ್ಬನು, ನೋಡಿ ಕೊಡುವವನು ಇನ್ನೊಬ್ಬನು. ಈ ಹಳ್ಳಿಗಳಲ್ಲಿ ಆ ಕ್ರಮವು ತಿರುವುಮುರುವಾಗಿದೆ. ವೇಷಧಾರಿಗಳೇ ಹಣಕೊಟ್ಟು ಆಡುವರು. ನೋಡುವವರು ಏನನ್ನೂ ಕೊಡದೆ ಚಾಪೆಯನ್ನು ತಂದು ಹಾಸಿಕೊಂಡು ಕುಳಿತುಕೊಳ್ಳುವರು. ಪಾತ್ರದ ತೂಕಕ್ಕೆ ತಕ್ಕಂತೆ ವಂತಿಗೆಯು ನಿಷ್ಕರ್ಷೆಯಾಗುವುದು. ಕೃಷ್ಣ, ದುರ್ಯೋಧನ, ಭೀಮ, ಕರ್ಣ, ಅರ್ಜುನ ಇವರದು ದೊಡ್ಡ ಮೊತ್ತ. ವಿದುರ, ವಿಕರ್ಣ, ದ್ವಾರಪಾಲಕರದು ಚಿಕ್ಕದು. ಒಟ್ಟುಗೂಡಿದ ಹಣದಿಂದ ರಂಗಮಂಟಪ, ಪರದೆ, ದೀಪ, ಧ್ವನಿವರ್ಧಕಗಳ ಬಾಡಿಗೆಯನ್ನೂ ವೇಷಭೂಷಣದವರ, ಪ್ರಸಾಧನದವರ, ವಾದ್ಯಗಾರರ, ಸ್ತ್ರೀಪಾತ್ರಧಾರಿಣಿಯರ, ಗುರುವಿನ ಸಂಭಾವನೆಯನ್ನೂ ತೀರಿಸುವರು. ಹೊಸ ನೆಲೆಗಳಲ್ಲಿ ನಟ ನರ್ತಕ ಗಾಯಕರು ಬೇಸಾಯಗಾರರ ಕೆಲಸವನ್ನು ಕೆಡಿಸದಂತೆ ನೋಡಿಕೊಳ್ಳಬೇಕೆಂದು ಕೌಟಿಲ್ಯನು ವಿಧಿಸಿರುವನು. ಬೇಸಾಯಗಾರನೇ ತನ್ನ ಹಣವನ್ನು ಕೊಟ್ಟು ನಟನಾಗುವನೆಂಬ ಕಲ್ಪನೆಯು ಆ ರಾಜನೀತಿಜ್ಞನಿಗೆ ಬಂದಂತೆ ತೋರುವುದಿಲ್ಲ.

ಹಣಕೊಟ್ಟವನಿಗೆ ಪದ್ಯಗಳು ಸಲ್ಲಬೇಕು. ಇದರಿಂದ ನಾಟಕದ ಸಂಧಿಬಂಧವು ಏನಾಗುವುದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಕಥೆಯು ಸಾಮಾನ್ಯವಾಗಿ ದ್ವಾರಕೆಯಲ್ಲಿ ಕೃಷ್ಣನ ಒಡ್ಡೋಲಗದಿಂದ ಮೊದಲಾಗುವುದು. ಅರ್ಜುನ ದುರ್ಯೋಧನರು ಮಲಗಿದ್ದ ಕೃಷ್ಣನ ಪಾದದ ಬಳಿಯೂ ತಲೆಯ ಬಳಿಯೂ ಕಾದು ಸಹಾಯ ಬೇಡುವುದು, ಪಾಂಡವರ ಆಲೋಚನೆ, ಸಂಧಾನ, ಕರ್ಣನ ಜನ್ಮರಹಸ್ಯ, ಗೀತೋಪದೇಶ, ಅಭಿಮನ್ಯುವಿನ ಮರಣ, ಸೈಂಧವವಧೆ, ದುಶ್ಶಾಸನವಧೆ, ಕರ್ಣಾವಸಾನ, ಗದಾಯುದ್ಧ ಇವು ಕ್ರಮವಾಗಿ ಬರಬೇಕಾದುವು. ಸಂಧಾನದ ಸಭೆಯಲ್ಲಿ ದೊಡ್ಡ ವಂತಿಗೆಯ ವೇಷಗಳೆಲ್ಲ ಒಟ್ಟಿಗೆ ಸೇರುವುವು. ಕೃಷ್ಣನು ಹಾಡಿದರೆ ದುರ್ಯೋಧನನು ಹಾಡಬೇಕು. ದುರ್ಯೋಧನನು ಹಾಡಿದ ಮೇಲೆ ಕರ್ಣನು ಸುಮ್ಮನಿರಲಾಗದು. ಭೀಷ್ಮನಿಗೂ ಶಕುನಿಗೂ ಪಾಲುಂಟು. ಒಂದೊಂದು ಪದ್ಯದ ಕೊನೆಗೂ ರಾಗಾಲಾಪನೆಯು ಬೆಳೆಯುವುದು. ಹೀಗೆ ಗರ್ಭಸಂಧಿಯು ಊದಿಕೊಂಡು ರಾತ್ರಿಯ ಬಹುಭಾಗವನ್ನು ನುಂಗುವುದು. ನಿರ್ವಹಣಸಂಧಿಗೆ ಉಳಿಯುವುದು ಕೋಳಿ ಕೂಗಿದ ಮೇಲಿನ ಅಲ್ಪಕಾಲ. ಹದಿನೆಂಟು ದಿನದ ಯುದ್ಧವು ಆ ಹೊತ್ತಿನಲ್ಲಿ ಓಡೋಡಿ ಮುಗಿಯುವುದು. ಯುದ್ಧದ ಹೆಸರನ್ನು ಹೊತ್ತ ನಾಟಕದಲ್ಲಿ ಯುದ್ಧವೇ ಬಡವಾಗುವುದು ವಿಚಿತ್ರವಲ್ಲವೆ? ದೋಷವು ಕವಿಯದಲ್ಲ, ವಂತಿಗೆಯ ಪಟ್ಟಿಯದು.

ಇದಕ್ಕಿಂತ ದೊಡ್ಡ ದೋಷವು ಹಾರಗಳದು. ಭೀಮನು ಪ್ರತಿಜ್ಞೆಯನ್ನು ಮಾಡುತ್ತಿರುವಾಗ ಅವನ ಭಾವಮೈದುನನು ರಂಗವನ್ನೇರಿ ನೋಟುಗಳನ್ನು ಪೋಣಿಸಿದ ಹಾರವನ್ನು ಹಾಕುವನು. ಪ್ರತಿಜ್ಞೆಯು ನಿಲ್ಲುವುದು, ಭೀಮನು ಕೈಮುಗಿಯುವನು, ಹಾರಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಸಾರುವರು, ಅನಂತರ ಬಿಟ್ಟ ಕೋಪವು ಬಿಟ್ಟಲ್ಲಿಂದ ಮುಂದುವರಿಯುವುದು. ರಸಾಸ್ವಾದಕ್ಕೆ ಒದಗುವ ವಿಘ್ನಗಳನ್ನು ಅಭಿನವಗುಪ್ತನು ಏಳು ಎಂದು ಎಣಿಸಿರುವನು; ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲಿ ಒಂದು. ಆ ವಿಘ್ನವು ಪ್ರೇಕ್ಷಕನ ಮನಸ್ಸಿನಲ್ಲಿ ಮಾತ್ರವೇ ಇರಬಹುದೆಂದು ಆಚಾರ್ಯನು ಭಾವಿಸಿರಬೇಕು. ಅದು ಮೆಟ್ಟಿಲು ಹತ್ತಿ ರಂಗದ ಮೇಲಕ್ಕೇ ಬರುವುದನ್ನು ಈ ಹಳ್ಳಿಗಳಲ್ಲಿ ಕಾಣಬಹುದು.

ಇಷ್ಟನ್ನು ಹೇಳಿದ ಮೇಲೆಯೂ ಈ ನಾಟಕದಲ್ಲಿ ಒಂದು ಸತ್ತ್ವವುಂಟೆಂದು ಒಪ್ಪಬೇಕಾಗುವುದು. ಅದು ದುರ್ಯೋಧನನ ಪಾತ್ರದಲ್ಲಿ ಚೆನ್ನಾಗಿ ತಿಳಿಯುವುದು. ಹಳ್ಳಿಯವರಿಗೆ ದುರ್ಯೋಧನನು ಬರಿಯ ಖಳನಲ್ಲ. ಅವನ ಠೀವಿಯನ್ನು ಮೆಚ್ಚುವರು, ಅವನು ತಪ್ಪುಮಾಡಿದನೆಂದೂ ಹೇಳುವರು, ಅವನ ಪತನಕ್ಕೆ ಕಣ್ಣೀರನ್ನೂ ಸುರಿಸುವರು. ಊರುಭಂಗವನ್ನು ಬರೆದ ಭಾಸನೂ ಗದಾಯುದ್ಧವನ್ನು ಬರೆದ ರನ್ನನೂ ಆ ಛಲಗಾರನಲ್ಲಿ ಕಂಡ ಘನತೆಯನ್ನು, ಈ ಕವಿಗಳ ಹೆಸರನ್ನೇ ಕೇಳದ ರೈತನೊಬ್ಬನು ತನ್ನ ಮೈಯಲ್ಲಿ ತರುವನು. ಊರಿನಲ್ಲಿ ಭೂಮಿಯ ಪಾಲಿನ ವ್ಯಾಜ್ಯವನ್ನು ಕಂಡವರಿಗೆ, ದಾಯಾದಿಗೆ ಐದು ಊರುಗಳನ್ನೂ ಕೊಡೆನೆಂಬ ಮಾತಿನ ಅರ್ಥವನ್ನು ಟೀಕೆಯಿಂದ ತಿಳಿಸಬೇಕಾಗಿಲ್ಲ.

ಆದರೆ ಆ ರೈತನಿಗೆ ಈ ಮೈಯನ್ನು ಕೊಟ್ಟವರು ಯಾರು? ಇಲ್ಲಿಗೆ ಪ್ರಕೃತ ವಿಷಯವು ಬಂದಿತು. ನಾಟಕದ ಮೇಷ್ಟರೆಂದು ಹೆಸರಾದ ಹಾರ್ಮೋನಿಯಂ ವಾದಕನೇ ಈ ಪ್ರಯೋಗದ ಸೂತ್ರಧಾರ. ನಾಟಕಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಅವನು ಊರಿಗೆ ಬರುವನು. ರಾತ್ರಿಯ ಊಟವಾದ ಮೇಲೆ ದೇವಸ್ಥಾನದ ಜಗಲಿಯಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ಅಭ್ಯಾಸವು ನಡೆಯುವುದು. ಯಾರ ಗಂಟಲು ಯಾವ ಶ್ರುತಿಗೆ ನಿಲ್ಲುವುದೆಂದು ನೋಡಿ ಪಾತ್ರಗಳನ್ನು ಹಂಚುವುದು ಅವನ ಮೊದಲ ಕಷ್ಟ. ಏಕೆಂದರೆ ವಂತಿಗೆಯನ್ನು ಕೊಡಬಲ್ಲವನಿಗೆ ಶಾರೀರವಿರುವುದಿಲ್ಲ, ಶಾರೀರವಿದ್ದವನಿಗೆ ವಂತಿಗೆಯು ಹೊರೆಯಾಗುವುದು. ಓದುಬರಹವಿಲ್ಲದವನಿಗೆ ಚಂಪಕಮಾಲೆ, ಉತ್ಪಲಮಾಲೆಗಳನ್ನು ಬಾಯಿಪಾಠ ಮಾಡಿಸಬೇಕು. ಯತಿಯು ಎಲ್ಲಿ ನಿಲ್ಲಬೇಕು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಸೀಸಪದ್ಯದ ಎತ್ತುಗೀತಿಗೆ ರಾಗವನ್ನು ಹೇಗೆ ತಿರುಗಿಸಬೇಕು ಎಂಬುದನ್ನೆಲ್ಲ ಅವನು ಲಕ್ಷಣಗ್ರಂಥದ ಹೆಸರೆತ್ತದೆ ಕಲಿಸುವನು. ಛಂದಸ್ಸನ್ನು ಪಾಠಶಾಲೆಯಲ್ಲಿ ಗುರುಲಘುಗಳ ಗುರುತಿನಿಂದ ಕಲಿತವರು ಈ ಅಭ್ಯಾಸವನ್ನು ಒಂದು ರಾತ್ರಿ ಕುಳಿತು ಕೇಳುವುದು ಒಳ್ಳೆಯದು. ಹಲವು ಪಂಡಿತರು ಮಾತ್ರೆಯನ್ನು ಎಣಿಸಬಲ್ಲರು, ವೃತ್ತವನ್ನು ಹಾಡಲಾರರು.

ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಅಭ್ಯಾಸದ ದಿನಗಳನ್ನು ಗೊತ್ತುಮಾಡುವುದು ಪಂಚಾಂಗಕ್ಕಿಂತ ಹೆಚ್ಚಾಗಿ ರೇಷ್ಮೆಯ ಹುಳು. ನಾಲ್ಕನೆಯ ಜ್ವರವು ಬಿಟ್ಟ ಮೇಲೆ ಹುಳುವಿಗೆ ಹಗಲಿರುಳೂ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಮನೆಯವರೆಲ್ಲರೂ ಕೈಹಾಕಬೇಕು. ಅಂತಹ ದಿನಗಳಲ್ಲಿ ಅರ್ಜುನನು ಅಭ್ಯಾಸಕ್ಕೆ ಬರುವುದಿಲ್ಲ. ಮೇಷ್ಟರು ಉಳಿದವರನ್ನು ಕಟ್ಟಿಕೊಂಡು ಗೀತೋಪದೇಶವನ್ನು ಅರ್ಜುನನಿಲ್ಲದೆಯೇ ನಡೆಸುವನು. ಗೂಡು ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋದರೆ ವಂತಿಗೆಯು ಹೊತ್ತಿಗೆ ಬರುವುದು. ಬೆಲೆಯು ಬಿದ್ದರೆ ಮೇಷ್ಟರ ಸಂಭಾವನೆಯೂ ತಡವಾಗುವುದು. ಹೀಗೆ ನಾಟಕವು ಆ ಊರಿನ ದುಡಿಮೆಯೊಡನೆ ಕಟ್ಟುಬಿದ್ದಿದೆ.

ಗ್ರಂಥವು ಶುದ್ಧವಲ್ಲವೆಂಬ ಆಕ್ಷೇಪಣೆಗೂ ಇಲ್ಲಿಯೇ ಸಮಾಧಾನವುಂಟು. ಅಚ್ಚಾದ ಕುರುಕ್ಷೇತ್ರ ನಾಟಕಗಳು ಹಲವು ಇವೆ. ಆದರೆ ಆಡುವ ಪಾಠವು ಅವುಗಳಲ್ಲಿ ಯಾವ ಒಂದೂ ಅಲ್ಲ. ಮೇಷ್ಟರ ಹಳೆಯ ಕೈಬರಹದ ಪುಸ್ತಕದಲ್ಲಿ ಒಂದರ ಸಂಭಾಷಣೆ, ಇನ್ನೊಂದರ ಕಂದ, ತೆಲುಗಿನಿಂದ ಬಂದ ಪದ್ಯ, ತಾನೇ ಕಟ್ಟಿ ಸೇರಿಸಿದ ವೃತ್ತ ಇವೆಲ್ಲ ಕೂಡಿರುವುವು. ಈ ವರ್ಷದ ಕರ್ಣನಿಗೆ ಮೇಲಿನ ಷಡ್ಜವು ಎಟುಕದಿದ್ದರೆ ಪದ್ಯವನ್ನೇ ಬದಲಾಯಿಸುವನು. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸಿ ಪಾಠಪರಿಷ್ಕರಣ ಮಾಡುವ ಸಂಪಾದಕರು ಇಂತಹ ಪುಸ್ತಕವನ್ನು ಭ್ರಷ್ಟಪ್ರತಿಯೆಂದು ತಳ್ಳಿಬಿಡುವರು. ಮೂಲಪಾಠವು ಯಾವುದೆಂಬ ಪ್ರಶ್ನೆಯೇ ಇಲ್ಲಿ ಸರಿಯಾದುದಲ್ಲ. ಯಾವ ಗಂಟಲಿಗಾಗಿ ಈ ಪಾಠವು ಹುಟ್ಟಿತೆಂದು ಕೇಳಬೇಕು. ಪ್ರತಿಯೊಂದು ಬದಲಾವಣೆಯ ಹಿಂದೆಯೂ ಒಬ್ಬ ಕಲಿಯುವವನೂ ಒಬ್ಬ ಕಲಿಸುವವನೂ ಇರುವರು. ನಿಯಮವಿದೆ, ಅಭ್ಯಾಸವಿದೆ, ಗುರುದಕ್ಷಿಣೆಯಿದೆ. ನಾಟಕದ ರಾತ್ರಿ ವೇಷವು ರಂಗವನ್ನು ಹೊಗುವ ಮೊದಲು ಹಾರ್ಮೋನಿಯಂ ಪೆಟ್ಟಿಗೆಗೂ ಮೇಷ್ಟರ ಪಾದಕ್ಕೂ ನಮಸ್ಕಾರವಿದೆ. ಭಾಷ್ಯಕಾರನು ಅಪೇಕ್ಷಿಸಿದ ಉಪಯೋಗಕ್ಕೆ ಇನ್ನೇನು ಬೇಕು? ಪಂಚಮಿಯನ್ನು ಈ ನಟನಿಗೆ ಕೊಡದಿರಲು ವ್ಯಾಕರಣದಲ್ಲಿ ಕಾರಣವು ಕಾಣುವುದಿಲ್ಲ.

ಮೇಷ್ಟರಿಗೆ ಇಷ್ಟಾದರೂ ಊರಿನಲ್ಲಿ ಮರ್ಯಾದೆಯುಂಟು. ಸ್ತ್ರೀಪಾತ್ರಧಾರಿಣಿಯರ ವಿಷಯವು ಬೇರೆ. ನಾಟ್ಯಶಾಸ್ತ್ರದಲ್ಲಿ ಪಾತ್ರಯೋಜನೆಯು ಮೂರು ಬಗೆಯದೆಂದು ಹೇಳಿದೆ. ಸ್ತ್ರೀಯು ಸ್ತ್ರೀಯಾಗಿಯೂ ಪುರುಷನು ಪುರುಷನಾಗಿಯೂ ತಮ್ಮ ವಯಸ್ಸಿಗೆ ತಕ್ಕಂತೆ ಅಭಿನಯಿಸುವುದು ಅನುರೂಪ. ಬಾಲನು ವೃದ್ಧನಾಗಿ, ವೃದ್ಧನು ಬಾಲನಾಗಿ ಬರುವುದು ವಿರೂಪ. ಪುರುಷನು ಸ್ತ್ರೀಯ ರೂಪವನ್ನು ಅನುಸರಿಸುವುದು ಮೂರನೆಯದು. ಹಳ್ಳಿಯ ನಾಟಕದಲ್ಲಿ ಬಹುಕಾಲ ಈ ಮೂರನೆಯದೇ ನಡೆಯುತ್ತಿದ್ದಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹಟಹಿಡಿದವರಲ್ಲಿ ಬಳ್ಳಾರಿಯ ರಾಘವರು ಮುಖ್ಯರು; ಕಂಪನಿಗಳಲ್ಲಿ ಬಿ. ಜಯಮ್ಮನವರಂತಹ ನಟಿಯರು ಬೆಳಗಿದ ಮೇಲೆ ಹಳ್ಳಿಯೂ ಅದನ್ನೇ ಬಯಸಿತು. ಆದರೆ ಊರಿನ ಹೆಣ್ಣುಮಕ್ಕಳು ರಂಗವನ್ನೇರುವುದನ್ನು ಊರು ಒಪ್ಪಲಿಲ್ಲ. ಬೇರೆಯವರ ಮನೆಯ ಹೆಣ್ಣು ದ್ರೌಪದಿಯಾಗಬಹುದು, ತನ್ನ ಮನೆಯವಳು ಆಗಬಾರದು ಎಂಬ ಈ ಒಪ್ಪಂದದಿಂದಲೇ ವೃತ್ತಿನಟಿಗೆ ಕೆಲಸವು ಹುಟ್ಟಿತು, ಅದರ ಜೊತೆಗೇ ಅವಳಿಗೆ ಸಲ್ಲಬೇಕಾದ ಗೌರವದಲ್ಲಿ ಕೊರತೆಯೂ ಹುಟ್ಟಿತು.

ಈ ನಟಿಯು ಬೆಂಗಳೂರು ತುಮಕೂರುಗಳಂತಹ ಊರುಗಳಿಂದ ಸಾಮಾನ್ಯವಾಗಿ ನಾಟಕದ ದಿನವೇ ಬರುವಳು. ಅವಳಿಗೆ ಮೂರು ತಿಂಗಳ ಅಭ್ಯಾಸವಿಲ್ಲ; ಹೆಚ್ಚೆಂದರೆ ಕೊನೆಯಲ್ಲಿ ಒಂದು ದಿನ ಕೂಡಿ ನೋಡುವುದುಂಟು. ಮುಂಜಾವದವರೆಗೆ ರುಕ್ಮಿಣಿಯಾಗಿ, ದ್ರೌಪದಿಯಾಗಿ, ಮತ್ತೆ ಸೀರೆಯನ್ನು ಬದಲಾಯಿಸಿ ಕುಂತಿಯಾಗಿ ಬರುವುದು ಅವಳಿಗೆ ವಾಡಿಕೆ. ಕರ್ಣನ ಪಾತ್ರವು ತನಗಿಂತ ಹಿರಿಯನದಾಗಿದ್ದರೂ ಅವಳು ಅವನ ತಾಯಿ. ಹಿಂದಿನ ರಾತ್ರಿ ಬೇರೊಂದು ಊರಿನಲ್ಲಿ ಬೇರೊಬ್ಬ ಮೇಷ್ಟರ ಪಾಠದಂತೆ ಆಡಿದವಳು ಈ ರಾತ್ರಿ ಇನ್ನೊಂದು ಪಾಠಕ್ಕೆ ಹೊಂದಿಕೊಳ್ಳಬೇಕು. ಎದುರಿನ ಕೃಷ್ಣನು ವರ್ಷಕ್ಕೊಮ್ಮೆ, ಕೆಲವರಾದರೆ ಜನ್ಮಕ್ಕೊಮ್ಮೆ, ವೇಷಹಾಕುವವನು. ಅವನು ಶ್ರುತಿಯನ್ನು ತಪ್ಪಿಸಿದರೆ ಅವಳು ತನ್ನ ಪದ್ಯದ ಎತ್ತುಗಡೆಯಿಂದ ಅವನನ್ನು ಮತ್ತೆ ಶ್ರುತಿಗೆ ತರುವಳು. ಅವನು ಮಾತನ್ನು ಮರೆತರೆ ಪ್ರಶ್ನೆಯ ರೂಪದಲ್ಲಿ ಆ ಮಾತನ್ನೇ ಅವನಿಗೆ ಎತ್ತಿಕೊಡುವಳು. ಸಭೆಯು ಇದನ್ನು ಕಾಣಬಾರದು, ಕಂಡರೆ ಕೃಷ್ಣನ ಮಾನವು ಹೋಗುವುದು. ಮಾಡಿದುದು ಕಾಣದಿರುವುದೇ ಅವಳ ಕೌಶಲ. ಇದು ನಟಧರ್ಮದಲ್ಲಿ ಅತ್ಯಂತ ಕಠಿನವಾದ ಭಾಗವೆಂದು ಬಲ್ಲವರು ಒಪ್ಪುವರು. ಹಾರಗಳೆಲ್ಲ ಕೃಷ್ಣನ ಕೊರಳಿಗೆ ಬೀಳುವುವು. ನಟಿಗೆ ಕೊಡುವ ನೋಟಿನೊಡನೆ ಚಪ್ಪಾಳೆಯೂ, ಕೆಲವೊಮ್ಮೆ ಆಡಬಾರದ ಮಾತೂ ಬರುವುದು.

ವೃತ್ತಿಯ ಆದಾಯವನ್ನು ಕುರಿತು ಹಳೆಯ ಗ್ರಂಥವೊಂದರ ಸಾಕ್ಷ್ಯವು ಕುತೂಹಲಕರವಾಗಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಭೃತ್ಯಭರಣೀಯ ಪ್ರಕರಣದಲ್ಲಿ ಕುಶೀಲವರಿಗೆ 250 ಪಣಗಳ ವೇತನವೂ ಅವರಲ್ಲಿ ತೂರ್ಯಕಾರರಿಗೆ ಅದರ ಎರಡರಷ್ಟೂ ಹೇಳಿದೆ. ವಾದ್ಯಗಾರನಿಗೆ ನಟನಿಗಿಂತ ಹೆಚ್ಚು ಸಲ್ಲಬೇಕೆಂಬ ಎಣಿಕೆಯು ಮೇಷ್ಟರ ವಿಷಯದಲ್ಲಿ ಇಂದಿಗೂ ಉಂಟು. ಪರವೂರಿನಿಂದ ಬಂದ ತಂಡವು ಪ್ರದರ್ಶನಕ್ಕೆ 5 ಪಣಗಳನ್ನು ಅರಸನಿಗೆ ತೆರಬೇಕೆಂದೂ ಆ ಗ್ರಂಥದಲ್ಲಿಯೇ ಇದೆ. ಆದರೆ ಕೌಟಿಲ್ಯನ ಕುಶೀಲವನಿಗೆ ಅರಮನೆಯ ವೇತನವಿದ್ದಿತು. ಈ ಸೀಮೆಯ ವೃತ್ತಿಕಾರರಿಗೆ ಇರುವುದು ವರ್ಷದಲ್ಲಿ ಕೆಲವೇ ತಿಂಗಳ ಕೆಲಸ. ಸಂಕ್ರಾಂತಿಯಿಂದ ಮುಂಗಾರಿನವರೆಗೆ ದೊರೆತ ರಾತ್ರಿಗಳ ಸಂಪಾದನೆಯಿಂದ ಉಳಿದ ತಿಂಗಳುಗಳನ್ನು ಕಳೆಯಬೇಕು. ಒಂದು ಋತುವು ತಪ್ಪಿದರೆ ವರ್ಷವೇ ತಪ್ಪುವುದು. 2020ರ ಮಾರ್ಚ್ 25ರ ಯುಗಾದಿಯ ದಿನವೇ ದೇಶವೆಲ್ಲ ಮುಚ್ಚಿದುದು ಜ್ಞಾಪಕದಲ್ಲಿರಬಹುದು. ಜಾತ್ರೆಗಳು ನಿಂತುವು, ಗೊತ್ತಾದ ನಾಟಕಗಳು ಬಿದ್ದುಹೋದುವು. 2021ರಲ್ಲಿಯೂ ಏಪ್ರಿಲ್ ತಿಂಗಳ ಕೊನೆಗೆ ಅದೇ ಗತಿ. ವೇಷಧಾರಿಯಾದ ರೈತನಿಗೆ ಆಗ ಹೋದುದು ಒಂದು ರಾತ್ರಿಯ ಸಂತೋಷ. ಮೇಷ್ಟರಿಗೂ ನಟಿಗೂ ತಬಲದವನಿಗೂ ಪರದೆಯವನಿಗೂ ಹೋದುದು ಎರಡು ವರ್ಷದ ಅನ್ನ. ಒಂದೇ ರಂಗದ ಮೇಲೆ ನಿಲ್ಲುವ ಇವರಿಬ್ಬರ ನಡುವಿನ ಅಂತರವು ಆಗ ಕಂಡಷ್ಟು ಸ್ಪಷ್ಟವಾಗಿ ಬೇರೆಂದೂ ಕಂಡಿರಲಾರದು.

ನಗರದ ಹೊಸ ರಂಗಭೂಮಿಗೂ ಈ ಜನರಿಗೂ ಬಳಕೆಯು ಕಡಮೆ. ಹೆಗ್ಗೋಡಿನ ನೀನಾಸಮ್ ನಾಟಕಶಾಲೆಯು 1980ರಲ್ಲಿಯೂ ಅದರ ತಿರುಗಾಟವು 1985ರಲ್ಲಿಯೂ ಮೊದಲಾದುವು. ಮೈಸೂರಿನ ರಂಗಾಯಣವು ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಹುಟ್ಟಿತು. ಇವುಗಳಿಂದ ನಟನೆಯು ಕಲಿತು ಮಾಡಬೇಕಾದ ವೃತ್ತಿಯೆಂಬ ಭಾವನೆಯು ನಾಡಿನಲ್ಲಿ ಬೆಳೆಯಿತೆಂಬುದು ನಿಸ್ಸಂದೇಹ. ನೆರೆಯ ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮವು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳಿಗೆ ಎಡೆಮಾಡಿಕೊಟ್ಟು, ಈ ನೆಲದ ಜನರ ನೆನಪನ್ನೇ ರಂಗಕ್ಕೆ ತಂದಿತು. ಆದರೆ ಶಿಕ್ಷಣ ಪಡೆದ ನಟನನ್ನು ಕಲಾವಿದನೆಂದು ಕರೆಯುವ ಬಾಯಿಯೇ ಕುರುಕ್ಷೇತ್ರದ ದ್ರೌಪದಿಯನ್ನು ಬಾಡಿಗೆಯವಳೆಂದು ಕರೆಯುವುದು. ಇಬ್ಬರೂ ಹಣ ಪಡೆದೇ ಆಡುವರು. ಒಬ್ಬರದು ವೇತನ, ಇನ್ನೊಬ್ಬರದು ಬಾಡಿಗೆ ಎಂಬ ಭೇದವು ಯಾವ ಕೋಶದಿಂದ ಬಂದುದೋ ತಿಳಿಯದು.

ಸರ್ಕಾರದ ಮಾಸಾಶನವು 58 ವರ್ಷ ತುಂಬಿದ ಕಷ್ಟಸ್ಥಿತಿಯ ಕಲಾವಿದರಿಗೆ ದೊರೆಯಬಹುದು. ಅರ್ಜಿಯೊಡನೆ ಬಹುಕಾಲ ಕಲಾಸೇವೆ ಮಾಡಿದುದಕ್ಕೆ ಸಾಕ್ಷ್ಯವನ್ನು ಕೊಡಬೇಕು. ಮೇಷ್ಟರಿಗೂ ನಟಿಗೂ ಇರುವ ಸಾಕ್ಷ್ಯವು ಬಹುಮಟ್ಟಿಗೆ ನಾಟಕದ ಕರಪತ್ರವೊಂದೇ. ಆದುದರಿಂದ ಈ ಕರಪತ್ರದ ರಚನೆಯನ್ನು ಶಾಸನವನ್ನು ಓದುವಂತೆ ಎಚ್ಚರದಿಂದ ಓದಬೇಕು. ಮೊದಲು ಗ್ರಾಮದೇವತೆಯ ಮಂಗಳಸ್ಮರಣೆ. ಅನಂತರ ತಿಥಿ ವಾರ ಸ್ಥಳ. ಆಮೇಲೆ ಉದ್ಘಾಟಕರು, ಅಧ್ಯಕ್ಷರು, ದಾನಿಗಳು. ಅನಂತರ ಪಾತ್ರವರ್ಗ, ಅದರಲ್ಲಿ ವೇಷಧಾರಿಗಳ ಭಾವಚಿತ್ರ, ತಂದೆಯ ಹೆಸರು, ಊರು, ವೃತ್ತಿ. ಇತ್ತೀಚೆಗೆ ಇದೇ ಮಜಕೂರು ದೊಡ್ಡ ಬಣ್ಣದ ಫಲಕಗಳಾಗಿ ರಸ್ತೆಯ ತಿರುವಿನಲ್ಲಿ ನಿಲ್ಲುವುದು. ಕೊನೆಯಲ್ಲಿ, ಎಲ್ಲವೂ ಮುಗಿದ ಮೇಲೆ, ಸಣ್ಣ ಅಕ್ಷರಗಳಲ್ಲಿ ವಾದ್ಯವೃಂದ, ರಂಗಸಜ್ಜಿಕೆ, ಸ್ತ್ರೀಪಾತ್ರಗಳು. ನಟಿಗೆ ಊರಿಲ್ಲ, ತಂದೆಯಿಲ್ಲ. ಕೆಲವು ಕರಪತ್ರಗಳಲ್ಲಿ ಅವಳ ಹೆಸರು ಒಂದೇ ಪದ, ಕೆಲವುಗಳಲ್ಲಿ ಪ್ರಸಿದ್ಧ ಕಲಾವಿದೆಯರಿಂದ ಎಂಬ ಬಹುವಚನ ಮಾತ್ರ. ಆ ಬಹುವಚನವನ್ನು ಮಾಸಾಶನದ ಕಛೇರಿಯಲ್ಲಿ ತೋರಿಸಿ ಇದು ತಾನೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದರು; ಈ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ಶಾಸನದಲ್ಲಿ ರಾಜನ ಬಿರುದುಗಳು ಮೊದಲು ಬರುವುವು; ಬರೆದವನ, ಕಂಡರಿಸಿದವನ ಹೆಸರು ಬಂದರೆ ಕೊನೆಯ ಸಾಲಿನಲ್ಲಿ. ಆ ಕೊನೆಯ ಸಾಲನ್ನು ಸಂಶೋಧಕರು ಬಿಡಲಿಲ್ಲ. ಹೊಯ್ಸಳ ಶಿಲ್ಪದ ವಿಷಯದಲ್ಲಿ ಮಲ್ಲಿತಮ್ಮ, ದಾಸೋಜ ಎಂಬ ಹೆಸರುಗಳು ಇಂದು ಬಳಕೆಯಲ್ಲಿರುವುದು ಕಲ್ಲಿನ ಮೇಲೆ ಅವರು ಕೊರೆದ ಒಂದೆರಡು ಪದಗಳನ್ನು ಓದಿದವರ ಶ್ರಮದಿಂದ. ಕರಪತ್ರವು ಕಲ್ಲಲ್ಲ. ನಾಟಕವು ಮುಗಿದ ಬೆಳಗ್ಗೆ ಅದು ಕಡಲೆಕಾಯಿಯ ಪೊಟ್ಟಣವಾಗುವುದು. ಸಾಹಿತ್ಯದ ಅಧ್ಯಾಪಕರು ಈ ಸೀಮೆಯ ಕಾಲೇಜುಗಳಲ್ಲಿ ಬೇಕಾದಷ್ಟು ಮಂದಿ ಇರುವರು. ಅವರ ವಿದ್ಯಾರ್ಥಿಗಳ ಮನೆಗಳಲ್ಲಿಯೇ ಭೀಮನೂ ಶಕುನಿಯೂ ಇರುವರು. ಕರಪತ್ರಗಳನ್ನು ಕೂಡಿಹಾಕುವುದು, ಮೇಷ್ಟರ ಪುಸ್ತಕಗಳನ್ನು ನಕಲುಮಾಡುವುದು, ಯಾವ ಪದ್ಯವು ಯಾರಿಂದ ಯಾರಿಗೆ ಬಂದಿತೆಂದು ಕೇಳಿ ಬರೆಯುವುದು, ನಟಿಯ ಪೂರ್ಣವಾದ ಹೆಸರನ್ನು ಅವಳು ಒಪ್ಪಿದರೆ ದಾಖಲೆಮಾಡುವುದು ಇವು ಒಂದೊಂದು ತಾಲ್ಲೂಕಿಗೆ ಇಬ್ಬರು ಮೂವರು ಕೂಡಿದರೆ ಆಗುವ ಕೆಲಸಗಳು.

ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಭರತಪುತ್ರರು ಋಷಿಗಳನ್ನು ಅಣಕಿಸಿ ಅವರ ಶಾಪಕ್ಕೆ ಗುರಿಯಾದ ಕಥೆಯಿದೆ. ನಾಟ್ಯವು ಮಾತ್ರ ನಾಶವಾಗದೆ ನಹುಷನ ಕೋರಿಕೆಯಿಂದ ಭೂಮಿಗೆ ಇಳಿದುಬಂದಿತಂತೆ. ಶಾಪವು ನಟರಿಗೆ ಉಳಿಯಿತು, ವಿದ್ಯೆಯು ಲೋಕಕ್ಕೆ ದಕ್ಕಿತು. ಈ ಕಥೆಯನ್ನು ಪಂಡಿತರು ಪುರಾಣವೆಂದು ಓದಿ ಮುಗಿಸುವರು. ಗೌರೀಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ ಪಟ್ಟಾಭಿಷೇಕದ ಮಂಗಳವು ಮುಗಿದು ಬೆಳಕು ಹರಿಯುವಾಗ, ಕೃಷ್ಣನನ್ನು ಬಂಧುಗಳು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯುವರು. ಪರದೆಯವರು ದ್ವಾರಕೆಯನ್ನು ಸುರುಳಿ ಸುತ್ತಿ ಲಾರಿಗೆ ಏರಿಸುವರು. ಕುಂತಿಯ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರಸಿಕೊಂಡು, ಕೈಚೀಲದಲ್ಲಿ ಮೂವರು ರಾಣಿಯರ ಸೀರೆಗಳನ್ನು ಮಡಿಸಿಟ್ಟುಕೊಂಡು, ಊರ ಮುಂದಿನ ಕಟ್ಟೆಯ ಮೇಲೆ ಚಿಂತಾಮಣಿಯ ಕಡೆಗೆ ಹೋಗುವ ಬಸ್ಸಿಗಾಗಿ ಕಾಯುತ್ತ ಕುಳಿತವಳಿಗೆ ಆ ರಾತ್ರಿ ಇನ್ನೊಂದು ನಾಟಕವುಂಟು.